ಕ್ವಾರಿಯ ನೀರು, ಒಂದು ಷರತ್ತಿನ ಕೀರ್ತಿ

‘ನಮ್ಮ ಕಾನೂನು ಚೆನ್ನಾಗಿದೆ, ಪಾಲನೆ ಸರಿಯಿಲ್ಲ.’ ಕಲ್ಲುಗಣಿಗಳ ಬಗ್ಗೆ ಬರೆಯುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಮಾತಿಗೇ. ಪರಿಸರವಾದಿಗಳು, ನಿವೃತ್ತ ಎಂಜಿನಿಯರುಗಳು ಎಲ್ಲರೂ ಇದನ್ನೇ ಹೇಳುತ್ತಾರೆ. ಕ್ವಾರಿ ಮಾಲೀಕರಿಗಂತೂ ಈ ಮಾತಿನ ಮೇಲೆ ತಕರಾರೇ ಇಲ್ಲ. ನನಗಿದೆ. ನೀರಿನ ಮಟ್ಟಿಗೆ ಆ ನಿಯಮವೇ ಕೆಟ್ಟದಾಗಿ ಬರೆದದ್ದು.

ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದ ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ತೀರ್ಪು, ಅದರ ಬೆನ್ನಿಗೆ ಬಂದ ಕೇಂದ್ರ ಪರಿಸರ ಸಚಿವಾಲಯದ 2016ರ ಅಧಿಸೂಚನೆ ಇಲ್ಲಿ ನನ್ನ ವಿಷಯವಲ್ಲ. ನಾನು ಕೆದಕುವುದು ಗಣಿಗಳ ಪರಿಸರ ಅನುಮತಿ ಪತ್ರಗಳಲ್ಲಿ ವರ್ಷಗಳಿಂದ ಅಚ್ಚೊತ್ತಿದಂತೆ ಬರುತ್ತಿರುವ ಒಂದೇ ಒಂದು ಷರತ್ತನ್ನು. ಅದರ ಸಾರ ಇಷ್ಟು: ಗುಂಡಿಯ ಸುತ್ತ, ತ್ಯಾಜ್ಯದ ಗುಡ್ಡೆಯ ಸುತ್ತ ಗಾರ್ಲೆಂಡ್ ಡ್ರೇನ್, ಅಂದರೆ ಸುತ್ತುಗಾಲುವೆ, ತೋಡಬೇಕು. ನೀರು ಬಂದು ಸೇರುವ ಹೊಂಡವನ್ನು 50 ವರ್ಷದ ಅಂಕಿಅಂಶದ ಗರಿಷ್ಠ ದಿಢೀರ್ ಮಳೆ ಮತ್ತು ಆಸುಪಾಸಿನ ಗರಿಷ್ಠ ಹರಿವಿಗಿಂತ ಶೇ 50 ಹೆಚ್ಚು ಹಿಡಿಯುವಂತೆ ಕಟ್ಟಬೇಕು. ಹೂಳು ತಳ ಸೇರಲು ಸಾಕಷ್ಟು ಹೊತ್ತು ನೀರು ಅಲ್ಲಿ ನಿಲ್ಲಬೇಕು.

ಓದಲು ಗಂಭೀರವಾಗಿದೆ. ಆದರೆ ದಿಢೀರ್ ಎಂದರೆ ಎಷ್ಟು ಹೊತ್ತಿನ ಮಳೆ? ಅರ್ಧ ಗಂಟೆಯದೋ, ಇಡೀ ದಿನದ್ದೋ? ಮಳೆಯನ್ನು ಅಳೆಯುವುದು ಮಿಲಿಮೀಟರಿನಲ್ಲಿ, ಹರಿವನ್ನು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು, ಹೊಂಡವನ್ನು ಬರೀ ಘನ ಮೀಟರಿನಲ್ಲಿ. ಇವು ಒಂದಕ್ಕೊಂದು ತಾಳೆಯಾಗಲು ಅವಧಿ ಬೇಕು. ಷರತ್ತಿನಲ್ಲಿ ಇಲ್ಲದ್ದು ಅದೇ. ಹೀಗಾಗಿ ಮಾಲೀಕರ ಸಲಹೆಗಾರ ತನಗೆ ಬೇಕಾದ ಅವಧಿ ಹಿಡಿದು, ಬೇಕಾದ ಗಾತ್ರದ ಹೊಂಡವನ್ನು ನಕ್ಷೆಯಲ್ಲಿ ತೋರಿಸಬಹುದು. ಷರತ್ತು ಮುರಿದ ಎನ್ನಲು ಯಾರಿಗೂ ಆಧಾರವಿಲ್ಲ.

ಈ ಷರತ್ತನ್ನು ರಾಯಚೂರು ಜಿಲ್ಲೆಯ ಮಸ್ಕಿ ಸೀಮೆಗೆ ತಂದು ನೋಡೋಣ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲೂ ಸೆಪ್ಟೆಂಬರಿನಲ್ಲಿ ಹೆಚ್ಚು. 4 ಹೆಕ್ಟೇರಿನ ಒಂದು ಕ್ವಾರಿ, ಒಂದೇ ದಿನ 100 ಮಿ.ಮೀ. ಮಳೆ ಎಂದುಕೊಳ್ಳಿ. ಬಿದ್ದ ನೀರು 4,000 ಘನ ಮೀಟರ್, ಅಂದರೆ 40 ಲಕ್ಷ ಲೀಟರ್. ಶೇ 50 ಸೇರಿಸಿದರೆ 60 ಲಕ್ಷ. 3 ಮೀಟರ್ ಆಳ ತೋಡಿದರೂ ಈ ಹೊಂಡಕ್ಕೆ ಸುಮಾರು ಅರ್ಧ ಎಕರೆ ಬೇಕು. ಗುಂಡಿಯ ಮೂಲೆಯಲ್ಲಿ ಜೆಸಿಬಿಯಿಂದ ಒಂದು ಬಾರಿ ಕೆರೆದು ‘ಹೊಂಡ’ ಎಂದು ಬರೆಯುವುದು ಎಲ್ಲಿ, ಅರ್ಧ ಎಕರೆ ಎಲ್ಲಿ! ಮಳೆ ಬರುವ ಹೊತ್ತಿಗೆ ಅದು ಖಾಲಿಯೂ ಇರಬೇಕು. ಯಾವಾಗ ಖಾಲಿ ಮಾಡಬೇಕೆಂಬ ಗಡುವು ಷರತ್ತಿನಲ್ಲಿಲ್ಲ.

ಹೂಳಿನ ಕತೆ ಇನ್ನೂ ಕೆಟ್ಟದು. 10 ಮೈಕ್ರಾನಿನ ಕಲ್ಲುಪುಡಿ 3 ಮೀಟರ್ ಇಳಿಯಲು ನಿಂತ ನೀರಿನಲ್ಲಿ 9 ಗಂಟೆ ಸಾಕು. ಎರೆಮಣ್ಣಿನ 2 ಮೈಕ್ರಾನಿನ ಕಣಕ್ಕೆ 9–10 ದಿನ ಬೇಕು. ‘ಸಾಕಷ್ಟು ಹೊತ್ತು’ ಎಂಬುದರಲ್ಲಿ ಇವೆರಡೂ ಸೇರಿಬಿಡುತ್ತವೆ. ಮಾರನೆಯ ದಿನ ಮತ್ತೆ ಮಳೆಯಾದರೆ ಆ ಕಲಕು ನೀರು ಹೊಂಡ ದಾಟಿ ಹಳ್ಳ ಸೇರುತ್ತದೆ.

ಹೊರಗಿನ ನೀರು ಗುಂಡಿಗೆ ನುಗ್ಗದಂತೆ ಸುತ್ತ ಕಾಲುವೆ ತೋಡಿಸುವುದು ಒಳ್ಳೆಯದೇ. ಈ ಷರತ್ತಿನ ಪರವಾಗಿ ಅಷ್ಟು ಹೇಳಬಹುದು.

ಅಂತರ್ಜಲದ ಷರತ್ತು ಇದರ ತಮ್ಮ: ನೀರಿನ ಮಟ್ಟ ಮುಟ್ಟಬಾರದು. ಮರಳಿನ ನೆಲಕ್ಕೆ ಸರಿ. ಮಸ್ಕಿ, ಲಿಂಗಸೂಗೂರು, ಮುದಗಲ್ಲಿನ ಕಡೆ ಇರುವುದು ಗಟ್ಟಿ ಕಲ್ಲು. ನೀರು ಅದರ ಬಿರುಕುಗಳಲ್ಲಿ ಮತ್ತು ಮೇಲಿನ ಸಡಿಲ ಪದರದಲ್ಲಿದೆ. ಒಂದೇ ಹೊಲದ ಎರಡು ಬೋರ್‌ವೆಲ್‌ಗಳಲ್ಲಿ ಒಂದಕ್ಕೆ ನೀರು ಬಂದು ಇನ್ನೊಂದು ಒಣಗುವುದನ್ನು ಇಲ್ಲಿ ಕಾಣದವರಿಲ್ಲ. ಹಾಗಿರುವಾಗ ಮೇ ತಿಂಗಳಲ್ಲಿ ಒಂದು ಬೋರಿನ ಆಳ ಅಳೆದು ‘ಮಟ್ಟ’ ಎಂದು ಬರೆದುಕೊಂಡರೆ ಅದು ಯಾರ ಮಟ್ಟ? ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಹೊಲಗಳಲ್ಲಿ ನಾಲೆಗೆ ನೀರು ಬಿಟ್ಟಾಗ ಒಂದು ಮಟ್ಟ, ನಿಂತಾಗ ಇನ್ನೊಂದು. ಗುಂಡಿ ಒಂದು ಬಿರುಕನ್ನು ಕತ್ತರಿಸಿದರೆ ಪಕ್ಕದ ಬಾವಿಯ ನೀರು ಸೋರಿ ಗುಂಡಿಗೆ ಬೀಳುತ್ತದೆ. ಆದರೂ ಗುಂಡಿ ಕಾಗದದ ಮಟ್ಟವನ್ನು ಮುಟ್ಟಿರುವುದೇ ಇಲ್ಲ.

ಮರಂ, ಅಂದರೆ ಗರಸಿನ ಗುಂಡಿಗಳದ್ದಂತೂ ಯಾರ ಗಮನಕ್ಕೂ ಬರದ ವಿಷಯ. ರಸ್ತೆಗೆಂದು ಟಿಪ್ಪರ್ ತುಂಬುವ ಗರಸು, ಮಳೆನೀರು ಇಂಗಿ ನಿಲ್ಲುವ ಆ ಸಡಿಲ ಪದರವೇ. ಆಳ ಹೋಗದಿದ್ದರೂ ನೀರಿನ ಮನೆಯನ್ನೇ ಹೊತ್ತೊಯ್ದಂತಾಯಿತು. ‘ನೀರಿನ ಮಟ್ಟ ಮುಟ್ಟಬಾರದು’ ಎಂಬ ಷರತ್ತು ಇಲ್ಲಿ ಪೂರ್ತಿ ಪಾಲನೆಯಾಗಿರುತ್ತದೆ!

ಇಷ್ಟಾದರೂ ಕೈಬಿಟ್ಟ ಕ್ವಾರಿಗಳನ್ನು ‘ಸಿದ್ಧ ಕೆರೆ’ ಎಂದು ಹೊಗಳುವ ಪಂಥವೊಂದು ನಮ್ಮ ಪತ್ರಿಕೆಗಳಲ್ಲಿ ಬೆಳೆದಿದೆ. ನಿಂತ ನೀರೆಲ್ಲ ಇಂಗಿದ ನೀರೆಂದು ಇವರ ನಂಬಿಕೆ. ತಳದಲ್ಲಿ ಕಲ್ಲುಪುಡಿಯ ಹೂಳು ಕೂತರೆ ಬಿರುಕುಗಳು ಮುಚ್ಚುತ್ತವೆ. ಆಮೇಲೆ ಆ ನೀರಿಗೆ ಬಿಸಿಲಲ್ಲಿ ಆವಿಯಾಗುವುದೇ ದಾರಿ. ಗುಂಡಿಯ ದಂಡೆ ನೆಟ್ಟಗಿರುವುದರಿಂದ ದನ ಇಳಿಯಲಾರದು, ಇಳಿದ ಹುಡುಗ ಹತ್ತಲಾರ. ಕೆರೆಗೆ ಏರಿ, ತೂಬು, ಕೋಡಿ ಇರುತ್ತವೆ ಎಂಬುದನ್ನು ಇವರಿಗೆ ಯಾರಾದರೂ ನೆನಪಿಸಬೇಕು.

ಷರತ್ತನ್ನು ಹೊಸದಾಗಿ ಬರೆಯುವುದು ಕಷ್ಟವಲ್ಲ. ಮಳೆಯ ಅವಧಿ, ಹೊಂಡ ಖಾಲಿ ಮಾಡುವ ಗಡುವು, ಸುತ್ತಲಿನ ಬಾವಿಗಳ ಮೇ ಮತ್ತು ನವೆಂಬರ್ ತಿಂಗಳ ಅಳತೆ, ಇಷ್ಟು ಸೇರಿದರೆ ಸಾಕು. ಹಾಗೆಂದು ಕೇಳಬೇಕಾದವರು ಆ ಬಾವಿಗಳ ರೈತರು. ಆದರೆ 5 ಹೆಕ್ಟೇರಿಗಿಂತ ಚಿಕ್ಕ, ಅಕ್ಕಪಕ್ಕದ ಕ್ವಾರಿಗಳ ಗುಂಪಿಗೆ ಸೇರದ ಒಂಟಿ ಕ್ವಾರಿಗೆ ಅವರು ಅದನ್ನು ಕೇಳಬಹುದಾದ ಸಾರ್ವಜನಿಕ ಅಹವಾಲು ಸಭೆಯೇ ಇಲ್ಲ.