ಒಂದೇ ಅಂಕಿ, ಎರಡು ಕೊಳವೆ

ಹಳೆಯ ಆಸಿಲೋಸ್ಕೋಪ್ ಕಂಡರೆ ನಾವು ಮೊದಲು ಕೇಳೋದು ಅದರ ಬ್ಯಾಂಡ್‌ವಿಡ್ತ್ ಎಷ್ಟು ಅಂತ. ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿಯ ಎರಡು ಯಂತ್ರಗಳನ್ನು ತಗೊಳ್ಳಿ: 1960ರ ದಶಕದ ಆರಂಭದ 519, ಮತ್ತು 1970ರ ದಶಕದ ಕೊನೆಯ 7104. ಎರಡಕ್ಕೂ ಉತ್ತರ 1 ಗಿಗಾಹರ್ಟ್ಸ್. ಆದರೆ ಈ ಅಂಕಿ ಮುಖ್ಯವಾದದ್ದನ್ನೇ ಮುಚ್ಚಿಡುತ್ತೆ ಅನ್ನೋದು ನನ್ನ ತಕರಾರು.

ಕಷ್ಟ ಎಲ್ಲಿದೆ ನೋಡಿ. 3,000 ವೋಲ್ಟ್‌ನಲ್ಲಿ ಹೊರಟ ಎಲೆಕ್ಟ್ರಾನ್‌ಗೆ 3 ಸೆಂ.ಮೀ. ಉದ್ದದ ಫಲಕಗಳ ನಡುವೆ ಸಾಗಲು ಸುಮಾರು 1 ನ್ಯಾನೋಸೆಕೆಂಡ್ ಬೇಕು. ಅಷ್ಟರಲ್ಲಿ 1 ಗಿಗಾಹರ್ಟ್ಸ್ ಸಿಗ್ನಲ್ ಒಂದು ಸುತ್ತು ಮುಗಿಸಿರುತ್ತೆ. ಮೇಲಕ್ಕೆ ತಳ್ಳಿದ್ದಕ್ಕೂ ಕೆಳಕ್ಕೆ ಎಳೆದದ್ದಕ್ಕೂ ಸರಿಹೋಯ್ತು! ಅದಕ್ಕೇ ಎರಡೂ ಕೊಳವೆಗಳಲ್ಲಿ ಸಿಗ್ನಲ್ಲನ್ನು ನಿಧಾನಿಸಿ, ಎಲೆಕ್ಟ್ರಾನ್ ಜೊತೆಜೊತೆಗೇ ಹೆಜ್ಜೆ ಹಾಕಿಸುತ್ತಾರೆ.

ಎಲೆಕ್ಟ್ರಾನ್‌ಗೆ ಇನ್ನಷ್ಟು ವೇಗ ಕೊಟ್ಟರೆ ಗೆರೆ ಬೆಳಗುತ್ತೆ, ಆದರೆ ಬಾಗಿಸೋದು ಕಷ್ಟ. 519 ಈ ಜಗಳವನ್ನು ಒಪ್ಪಿಕೊಂಡೇ ಹುಟ್ಟಿದ ಯಂತ್ರ. ಅದರಲ್ಲಿ ಸಿಗ್ನಲ್ಲನ್ನು ಹಿಗ್ಗಿಸುವ ಆಂಪ್ಲಿಫೈಯರೇ ಇಲ್ಲ. ಗೆರೆ 1 ಸೆಂ.ಮೀ. ಏರಲು ಸುಮಾರು 10 ವೋಲ್ಟ್ ಬೇಕು. ಒಂದೇ ಸಲ ಮಿಂಚಿ ಹೋಗುವ ಘಟನೆಯನ್ನು ಹಿಡಿಯಲು ಕ್ಯಾಮೆರಾ, ಫಿಲ್ಮ್ ಬೇಕು.

7104ರಲ್ಲಿ 10 ಮಿಲಿವೋಲ್ಟ್‌ಗೇ ಗೆರೆ ಒಂದು ಮನೆ ಏರುತ್ತೆ, ಅಂದರೆ ಹೆಚ್ಚುಕಡಿಮೆ ಸಾವಿರ ಪಟ್ಟು ಸೂಕ್ಷ್ಮ. ಪರದೆಯ ಹಿಂದೆ ಸೂಕ್ಷ್ಮ ರಂಧ್ರಗಳ ಗಾಜಿನ ಬಿಲ್ಲೆಯೊಂದಿದೆ, ಹೆಸರು ಮೈಕ್ರೋಚಾನೆಲ್ ಪ್ಲೇಟ್. ಒಳಹೊಕ್ಕ ಒಂದು ಎಲೆಕ್ಟ್ರಾನ್ ರಂಧ್ರದ ಗೋಡೆಗೆ ಬಡಿದು ಸಾವಿರಾರು ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತೆ. ಒಮ್ಮೆ ಮಾತ್ರ ನಡೆದದ್ದೂ ಬರಿಗಣ್ಣಿಗೆ ಕಾಣುತ್ತೆ.

ಹಾಗಾದರೆ 7104 ಗೆದ್ದಂತೆಯೇ? ಬಹುಪಾಲು ಹೌದು, ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಸಾಮಾನ್ಯ ಕೊಳವೆಯಲ್ಲಿ ಬೆಳಕೂ ಒಂದು ಮಾಹಿತಿ: ಕಿರಣ ನಿಂತಲ್ಲಿ ಪ್ರಕಾಶ, ಓಡಿದಲ್ಲಿ ಮಸುಕು. ಈ ಬಿಲ್ಲೆಯ ರಂಧ್ರಗಳಿಗೆ ಒಂದು ಮಿತಿಯಿದೆ, ಅದನ್ನು ಮುಟ್ಟಿದ ಮೇಲೆ ಹೆಚ್ಚು ಕೊಡಲಾರವು. ಹಾಗಾಗಿ ಮಂಕಾದದ್ದು ಮೇಲೇಳುತ್ತೆ, ಪ್ರಖರವಾದದ್ದು ತಗ್ಗುತ್ತೆ. ನೋಡೋಕೆ ಚೆಂದ, ಆದರೆ ಬೆಳಕನ್ನು ಅಳತೆಯಾಗಿ ನಂಬುವ ಹಾಗಿಲ್ಲ. ಜೊತೆಗೆ ಗೆರೆ ಸದಾ ಬೀಳುವ ಜಾಗದಲ್ಲಿ ಬಿಲ್ಲೆ ಬೇಗ ಸವೆಯುತ್ತೆ.

ಆದರೂ ನನ್ನ ಮತ 7104ಕ್ಕೇ, ಕಾರಣ ಮಾತ್ರ ಆ ಗಿಗಾಹರ್ಟ್ಸ್ ಅಲ್ಲ. ಅದನ್ನು 519 ಮೊದಲೇ ಮುಟ್ಟಿತ್ತು. ಕಣ್ಣಿಗೆ ನಿಲುಕದ ಪುಟ್ಟ, ಒಂಟಿ ಘಟನೆಯನ್ನು ನಿಲುಕಿಸಿದ್ದು ಇದರ ಸಾಧನೆ. ನೀವು ಇವತ್ತಿನ ಡಿಜಿಟಲ್ ಸ್ಕೋಪ್ ಕೊಳ್ಳುವಾಗಲೂ ಎಷ್ಟು ವೇಗ ಅಂತ ಕೇಳಿ ಸುಮ್ಮನಾಗಬೇಡಿ. ಎಷ್ಟು ಚಿಕ್ಕದನ್ನು ತೋರಿಸುತ್ತೆ, ಎಷ್ಟು ಸಲ ನಡೆದರೆ ತೋರಿಸುತ್ತೆ ಅಂತಲೂ ಕೇಳಿ.