ಸಿಂಡರೆಲ್ಲಾಳ ನಿಲುವಂಗಿಯ ಬಣ್ಣ

ಕಳೆದ ಮಕ್ಕಳ ದಿನಾಚರಣೆಯಂದು ನಮ್ಮ ಡೊಂಬಿವಲಿಯ ಸಂಘದ ಛದ್ಮವೇಷ ಸ್ಪರ್ಧೆಗೆ ತೀರ್ಪುಗಾರನಾಗಿ ಕುಳಿತಿದ್ದ ನಾನು ಒಂದು ಅನ್ಯಾಯ ಮಾಡಿದೆ. ಸಿಂಡರೆಲ್ಲಾ ಆಗಿ ಬಂದವರು ಮೂವರು ಹುಡುಗಿಯರು. ಇಬ್ಬರದು ಬಾಡಿಗೆ ಅಂಗಡಿಯ ತಿಳಿನೀಲಿ ಗೌನು. ಮೂರನೆಯವಳದು ತಾಯಿ ಮನೆಯಲ್ಲೇ ಹೊಲಿದ ಬಿಳಿ ಸ್ಯಾಟಿನ್. ಬಣ್ಣ ತಪ್ಪೆಂದು ಅವಳಿಗೆ ಎರಡು ಅಂಕ ಕಡಿಮೆ ಹಾಕಿದೆ. ಮನಸ್ಸು ತಡೆಯದೆ ಮುಂದಿನ ಭಾನುವಾರ ಡಿಸ್ನಿಯ 1950ರ ಆ ವ್ಯಂಗ್ಯಚಲನಚಿತ್ರವನ್ನು ಮತ್ತೆ ನೋಡಿದೆ. ನಿಲುವಂಗಿ ಬಿಳಿ! ಬೆಳ್ಳಿಯ ಹೊಳಪಿನ ಬಿಳಿ. ರಾತ್ರಿಯ ದೃಶ್ಯವಾದ್ದರಿಂದ ಮಡಿಕೆಗಳಲ್ಲಿ ನೀಲಿಯ ನೆರಳು, ಅಷ್ಟೇ.

ನೀಲಿ ಬಂದದ್ದು ಅಂಗಡಿಯಿಂದ. 2000ದ ಆಸುಪಾಸಿನಲ್ಲಿ ಡಿಸ್ನಿ ಕಂಪನಿ ತನ್ನ ರಾಜಕುಮಾರಿಯರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೊಂಬೆ, ಚೀಲ, ಉಡುಪುಗಳನ್ನು ಮಾರತೊಡಗಿತು. ಒಬ್ಬೊಬ್ಬಳಿಗೂ ಒಂದೊಂದು ಬಣ್ಣ ಬೇಕಾಯಿತೆಂದು ತೋರುತ್ತದೆ. 1959ರ 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ರಾಜಕುಮಾರಿಯ ಉಡುಗೆ ಗುಲಾಬಿಯೋ ನೀಲಿಯೋ ಎಂದು ಇಬ್ಬರು ಕಿನ್ನರಿಯರು ಕೊನೆಯ ಗಳಿಗೆಯವರೆಗೂ ಜಗಳವಾಡುತ್ತಾರೆ. ಅಂಗಡಿಯವರು ಗುಲಾಬಿಯ ಪರವಾಗಿ ತೀರ್ಪು ಕೊಟ್ಟುಬಿಟ್ಟಿದ್ದಾರೆ.

ಮೂಲ ಚಿತ್ರಗಳಲ್ಲಿ ಕಾಣುವುದು ಬೇರೆಯೇ. 1937ರ 'ಸ್ನೋವೈಟ್' ಕಥೆ ಹಳೆಯ ಜರ್ಮನಿಯದು. ಆದರೆ ಅವಳ ಗಿಡ್ಡ ಕೂದಲು, ಪುಟ್ಟ ತುಟಿ ಮೂವತ್ತರ ದಶಕದ ಅಮೆರಿಕದ ಹುಡುಗಿಯವು. ಅವಳನ್ನು ಚಲಿಸುವಂತೆ ಮಾಡಿದ ಮುಖ್ಯ ಕಲಾವಿದರಲ್ಲೊಬ್ಬನಾದ ಗ್ರಿಮ್ ನ್ಯಾಟ್ವಿಕ್ ಅದಕ್ಕೂ ಮೊದಲು ಬೆಟ್ಟಿ ಬೂಪ್ ಎಂಬ ಬೆಡಗಿಯನ್ನು ಚಿತ್ರಿಸಿದವನು. ಸ್ನೋವೈಟಳ ನಡಿಗೆಗೆ ಮಾದರಿ ಮಾರ್ಜ್ ಚಾಂಪಿಯನ್ ಎಂಬ ಹದಿಹರೆಯದ ನರ್ತಕಿ. ಸಿಂಡರೆಲ್ಲಾಳ ಸಣ್ಣ ಸೊಂಟ, ಅರಳಿದ ಲಂಗಗಳಲ್ಲಿ 1947ರಲ್ಲಿ ಪ್ಯಾರಿಸ್ಸಿನ ಡಿಯೋರ್ ತಂದ ಹೊಸ ಮೋಸ್ತರು ಕಾಣಿಸುತ್ತದೆ.

ಇನ್ನು ಆಭರಣ. ಸಿಂಡರೆಲ್ಲಾಳ ಕೊರಳಲ್ಲಿ ಒಂದು ಕಪ್ಪು ಪಟ್ಟಿ. ಸ್ನೋವೈಟಳ ತಲೆಯಲ್ಲಿ ಒಂದು ಕೆಂಪು ರಿಬ್ಬನ್ನು. ರಾಜಕುಮಾರಿಯರಿಗೆ ಇದೆಂಥ ಬಡತನ? ಗುಮಾಸ್ತನಾದ ನಾನು ಲೆಕ್ಕ ಹಾಕಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಎರಡು ಚೌಕಟ್ಟಿಗೆ ಒಂದೇ ಚಿತ್ರವೆಂದರೂ ನಿಮಿಷಕ್ಕೆ 720 ಚಿತ್ರ. ಇಪ್ಪತ್ತು ಮಣಿಯ ಸರ ಹಾಕಿದರೆ ಒಂದು ನಿಮಿಷಕ್ಕೆ 14,400 ಮಣಿಗಳನ್ನು ಕೈಯಿಂದ ಬರೆಯಬೇಕು! ನಮ್ಮ ಕಾರ್ಕಳದ ಅನಂತ ಪೈಗಳ ಅಮರ ಚಿತ್ರಕಥೆಯ ರಾಣಿಯರು ಮೈತುಂಬ ಒಡವೆ ಹೇರಿಕೊಳ್ಳಬಹುದು, ಅವರು ನಡೆಯಬೇಕಾಗಿಲ್ಲ.

ಈ ವಿದ್ಯೆ ಮುಂಬಯಿಗೂ ಬಂದಿತ್ತು, ಅದೂ ನಮ್ಮಂಥದೇ ಒಂದು ಕೇಂದ್ರ ಸರ್ಕಾರದ ಕಚೇರಿಗೆ. 'ಸ್ನೋವೈಟ್', 'ಬ್ಯಾಂಬಿ'ಗಳಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಫಿಲ್ಮ್ಸ್ ಡಿವಿಜನ್ನಿನ ವ್ಯಂಗ್ಯಚಿತ್ರ ವಿಭಾಗದಲ್ಲಿ ತರುಣರಿಗೆ ಕಲಿಸಿದರು. ಆ ತರುಣರಲ್ಲಿ ರಾಮ್ ಮೋಹನ್ ಒಬ್ಬರು, ಓದಿದ್ದು ರಸಾಯನಶಾಸ್ತ್ರ. (ಬಿ.ಎಸ್‌ಸಿ. ಮಾಡಿ ಫೈಲು ತಿರುಗಿಸುತ್ತಿರುವ ನನ್ನಂಥವರಿಗೆ ಇದೊಂದು ಸಮಾಧಾನ.) ಆ ಕಚೇರಿ 2022ರಲ್ಲಿ ಎನ್.ಎಫ್.ಡಿ.ಸಿ.ಯಲ್ಲಿ ವಿಲೀನವಾಯಿತು. ರಾಮ್ ಮೋಹನ್ 2019ರಲ್ಲಿ ತೀರಿಕೊಂಡರು.

ಅವರು ಜಪಾನಿನ ಯುಗೋ ಸಾಕೋ, ಕೊಯಿಚಿ ಸಸಾಕಿಯವರೊಡನೆ ನಿರ್ದೇಶಿಸಿದ ರಾಮಾಯಣದ ವ್ಯಂಗ್ಯಚಲನಚಿತ್ರ 1992ರದು. ಅಲ್ಲಿಯ ಸೀತೆಯೂ ರಾಜಕುಮಾರಿಯೇ ತಾನೆ? ಕಣ್ಣು ಜಪಾನಿನದು, ಒಪ್ಪುತ್ತೇನೆ. ಮೊದಲ ಹತ್ತು ನಿಮಿಷ ನನಗೂ ಹಿಡಿಸಲಿಲ್ಲ. ಕ್ಯಾಲೆಂಡರಿನ ಸೀತೆಗಿರುವಷ್ಟು ಒಡವೆಯೂ ಇಲ್ಲ. ಆದರೆ ಅವಳು ಗೊಂಬೆಯಲ್ಲ, ನಡೆದಾಡುವ ಹೆಣ್ಣುಮಗಳು. ಸಿಂಡರೆಲ್ಲಾಳ ಪಕ್ಕದಲ್ಲಿ ಅವಳನ್ನು ನಿಲ್ಲಿಸಲು ನನಗೆ ಸಂಕೋಚವಿಲ್ಲ. 2025ರ ಜನವರಿಯಲ್ಲಿ ಆ ಚಿತ್ರ ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಆದರೂ ನಮ್ಮ ಸ್ಪರ್ಧೆಗೆ ಒಬ್ಬ ಸೀತೆಯೂ ಬರಲಿಲ್ಲ.

ಮೊನ್ನೆ ಸ್ಟೇಷನ್ನಿನ ಸೇತುವೆಯ ಮೇಲೆ ಆ ಬಿಳಿ ಗೌನಿನ ಹುಡುಗಿಯ ತಾಯಿ ಸಿಕ್ಕರು. ಅಂಕದ ವಿಷಯ ಹೇಳಿ ಕ್ಷಮೆ ಕೇಳಿದೆ. "ಅಯ್ಯೋ, ಇರಲಿ ಬಿಡಿ ರಾಯರೇ, ಆ ಸ್ಯಾಟಿನ್ನು ಆಗಲೇ ದಿಂಬಿನ ಚೀಲವಾಯಿತು" ಎಂದು ನಕ್ಕು, 8.12ರ ಲೋಕಲ್ಲಿಗೆ ಓಡಿದರು.