ಪರಕಾಯದೊಳಗಿನ ಕಾಮಿನಿ

ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಗಾಣಗಾಪುರದ ದತ್ತಸನ್ನಿಧಿಯಲ್ಲಿ, ಗಾಳಿ ಸೋಕಿದವರೆಂದು ಕರೆತರಲ್ಪಟ್ಟವರು ಕಂಬಗಳನ್ನೇರಿ ಕೂಗಾಡುವುದನ್ನು ಕಣ್ಣಾರೆ ಕಂಡ ಕಲ್ಹೇರ್, ನಾರಾಯಣಖೇಡದ ಕಡೆಯ ಪ್ರೇಕ್ಷಕನಿಗೆ ಪರದೆಯ ಮೇಲಿನ ದೆವ್ವವು ಕೇವಲ ವಿನೋದದ ವಸ್ತುವಾಗಲಾರದು. 1956ಕ್ಕೆ ಮುಂಚೆ ಬೀದರ ಜಿಲ್ಲೆಗೆ ಸೇರಿದ್ದ ಈ ಸೀಮೆಯ ಕನ್ನಡಿಗರು ರಾಜ್ಯದ ಗಡಿಯಾಚೆ ಉಳಿದರೂ, ಅವರ ಹರಕೆಯ ದಾರಿಗಳು ಗಾಣಗಾಪುರಕ್ಕೂ ತುಂಗಭದ್ರೆಯ ತಡಿಯ ಮಂತ್ರಾಲಯಕ್ಕೂ ಹೋಗುವುದು ನಿಂತಿಲ್ಲ. ಆ ಅನುಭವವನ್ನೇ ಒರೆಗಲ್ಲಾಗಿಟ್ಟುಕೊಂಡು ನಾನು 1979ರಲ್ಲಿ ವಿಜಯ್ ಅವರು ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನು ತೂಗಬಯಸುತ್ತೇನೆ.

ಅದಕ್ಕೆ ಆರು ವರ್ಷ ಮೊದಲು ಬಂದ ಫ್ರೀಡ್ಕಿನ್ ಅವರ ‘ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ಪಿಶಾಚವು ಆಶ್ರಯಿಸಿದ್ದು ಹನ್ನೆರಡರ ಬಾಲೆಯ ದೇಹವನ್ನು. ಕನ್ನಡದ ಚಿತ್ರವು ಈ ಕ್ರಮವನ್ನು ತಿರುಗಿಸಿತು. ನಾಯಕನನ್ನು ಬಯಸಿ, ಪಡೆಯದೆ ಸತ್ತ ಕಾಮಿನಿಯ ಪ್ರೇತವು ಅವನ ಶರೀರವನ್ನೇ ಹೊಕ್ಕು, ಅವನ ಪತ್ನಿಯ ಕಣ್ಣೆದುರಿಗೆ ಅವನನ್ನು ಆಳುತ್ತದೆ. ವಿದೇಶದ ಚಿತ್ರಗಳ ಯಂತ್ರತಂತ್ರಗಳ ವೈಭವವಿಲ್ಲದೆ, ಅಲ್ಪಸಾಧನಗಳಿಂದಲೇ ಇಲ್ಲಿ ಭಯವು ಹುಟ್ಟಿದ್ದರೆ, ಅದಕ್ಕೆ ಕಾರಣ ಅನಂತನಾಗ್ ಅವರ ಅಭಿನಯ. ಬಲಿಷ್ಠನೂ ಸಭ್ಯನೂ ಆದ ಗಂಡಸೊಬ್ಬನು ತನ್ನ ದೃಷ್ಟಿಗೂ ಅಂಗಾಂಗಗಳಿಗೂ ತಾನೇ ಒಡೆಯನಲ್ಲದಂತಾಗುವ ಆ ದೈನ್ಯವು, ಎಷ್ಟು ಬಣ್ಣ ಬಳಿದರೂ ಬಾರದಂತಹುದು.

ಜನರು ಈ ಚಿತ್ರವನ್ನು ಬಹುವಾಗಿ ಮೆಚ್ಚಿದರು. ಅವರ ಮೆಚ್ಚುಗೆಯಲ್ಲಿ ಭಯವೆಷ್ಟು, ಸತಿಯು ಮೊರೆಹೋಗುವ ಮಂತ್ರಾಲಯದ ರಾಯರ ಮೇಲಣ ಭಕ್ತಿಯೆಷ್ಟು ಎಂದು ಬೇರ್ಪಡಿಸಹೊರಡುವುದು ವ್ಯರ್ಥವೆಂದೇ ನನ್ನ ಮತ. ಏತಕ್ಕೆಂದರೆ ಆ ಎರಡೂ ಭಾವಗಳು ಶೀರ್ಷಿಕೆಯಲ್ಲಿಯೇ ಬೆಸೆದುಕೊಂಡಿವೆ. ‘ನಾ ನಿನ್ನ ಬಿಡಲಾರೆ’ ಎಂಬುದು ಪ್ರೇತದ ಹಟವೂ ಹೌದು, ಪತಿಯನ್ನು ಬಿಟ್ಟುಕೊಡದ ಸತಿಯ ಸಂಕಲ್ಪವೂ ಹೌದು, ಗುರುವಿನ ಪಾದ ಹಿಡಿದ ಭಕ್ತೆಯ ಮೊರೆಯೂ ಹೌದು. ಪತ್ನಿಯಾಗಿ ನಟಿಸಿದ ಲಕ್ಷ್ಮಿಯವರ ಪಾತ್ರವು ಈ ಕಡೆಯ ಎರಡು ಅರ್ಥಗಳನ್ನು ಹೊತ್ತು ನಡೆಯುತ್ತದೆ. 1981ರಲ್ಲಿ ಅದೇ ನಿರ್ದೇಶಕರು, ಅದೇ ನಾಯಕನೊಡನೆ, ರೇಖಾ ಅವರನ್ನು ಪತ್ನಿಯಾಗಿಸಿ ಇದನ್ನು ಹಿಂದಿಗೆ ಕೊಂಡೊಯ್ದಾಗ ಹೆಸರು ‘ಮಂಗಳಸೂತ್ರ’ವಾಯಿತು, ಕಾಮಿನಿಗೆ ಶೀರ್ಷಿಕೆಯಲ್ಲಿದ್ದ ಪಾಲು ಅಲ್ಲಿಗೆ ತಪ್ಪಿಹೋಯಿತು.

ಕನ್ನಡದಲ್ಲಿಯೂ ಅವಳಿಗೆ ಪೂರ್ಣ ನ್ಯಾಯ ದೊರೆಯಿತೆನ್ನಲಾರೆ. ನಮ್ಮ ಹಳ್ಳಿಗಳಲ್ಲಿ ದೆವ್ವ ಬಿಡಿಸುವವರು ಬೇವಿನ ಸೊಪ್ಪನ್ನು ಹಿಡಿದು ಗದರಿಸುವ ಮುನ್ನ, ನೀನು ಯಾರವಳು, ಯಾತಕ್ಕೆ ಬಂದೆ, ಏನು ಬೇಕು ಎಂದು ಕೇಳುತ್ತಾರೆ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಸತ್ತವಳು ಆಗ ಆಡುತ್ತಾಳೆ, ಸೇರಿದವರು ಬಾಯಿ ಮುಚ್ಚಿ ಆಲಿಸುತ್ತಾರೆ. ಚಿತ್ರವಾದರೋ ಅವಳ ಬಯಕೆಯನ್ನು ದುಷ್ಟತನವೆಂದೇ ಬಗೆದು, ರಾಯರ ಮಹಿಮೆಯ ಬೆಳಕಿನಲ್ಲಿ ಅವಳನ್ನು ಓಡಿಸಿ ತೃಪ್ತವಾಗುತ್ತದೆ. ರಾಯರ ಕರುಣೆಗೆ ಮೇರೆಯಿಲ್ಲವೆಂದು ನಂಬಿದ ಚಿತ್ರವು ಅದರ ಒಂದು ಹನಿಯನ್ನಾದರೂ ಕಾಮಿನಿಯ ಕಡೆಗೆ ಚಿಮುಕಿಸಿದ್ದರೆ, ಕೆ. ವಿಜಯಾ ಅವರು ಆ ಪಾತ್ರದಲ್ಲಿ ತೋರಿದ ಉರಿಯು ನಮ್ಮನ್ನು ಬೆದರಿಸಿದಷ್ಟೇ ಅಳಿಸಲೂ ಬಹುದಾಗಿತ್ತು.